ಬೆನ್ನಿಗೆ ಬ್ರೇಸ್ ಕಟ್ಟಿಕೊಂಡು ಹಾಡಿದ ಹೆಂಗಸು

ಎಡಿಸನ್, ನ್ಯೂಜೆರ್ಸಿ
ನವೆಂಬರ್ 9, ಭಾನುವಾರ

ಪ್ರೀತಿಯ ಅಮ್ಮ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಚಳಿ ಶುರುವಾಗಿದೆ. ನೀನು ಕಳಿಸಿದ ಪಾರ್ಸೆಲ್ ಬಂತು. ಮಿಡಿ ಉಪ್ಪಿನಕಾಯಿ ಜಾಡಿ ಒಡೆದಿಲ್ಲ. ಹಲಸಿನ ಹಪ್ಪಳವನ್ನು ಮಕ್ಕಳು ಎರಡೇ ದಿನದಲ್ಲಿ ಮುಗಿಸಿದರು.

ಈ ವಿಷಯವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತು ಬೇರೆ ಕಡೆ ತಿರುಗಿಸುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಈ ಸಲ ಕ್ರಿಸ್ಮಸ್ ಕ್ವಾಯರ್‌ಗೆ ನೀನು ಹೆಸರು ಕೊಟ್ಟಿಲ್ಲ ಎಂದು ಅಪ್ಪ ಹೇಳಿದರು. ಸ್ವರ ನಡುಗುತ್ತದೆ, ಮಂಡಿ ನೋವಿನಲ್ಲಿ ಅಷ್ಟು ಹೊತ್ತು ನಿಲ್ಲೋಕೆ ಆಗಲ್ಲ, ಇನ್ನು ಚಿಕ್ಕವರು ಹಾಡಲಿ ಅಂದೆಯಂತೆ. ಆ ದಿನ ರಾತ್ರಿ ಡ್ಯೂಟಿಗೆ ಹೋದ ಮೇಲೂ ನನಗೆ ಅದೇ ಯೋಚನೆ. ನಾನು ಹುಟ್ಟಿದಾಗಿನಿಂದ ಕ್ರಿಸ್ಮಸ್ ಅಂದರೆ ಎರಡನೇ ಸಾಲಿನಲ್ಲಿ ನೀನು, ನಿನ್ನ ಆಲ್ಟೊ ದನಿ, ಅಂದರೆ ಹೆಂಗಸರ ಕೆಳಗಿನ ಸ್ವರದ ದನಿ, ಕೈಯಲ್ಲಿ ಅಂಚು ಹರಿದ ಗೀತೆ ಪುಸ್ತಕ.

ಮರುದಿನ ಡ್ಯೂಟಿ ಮುಗಿಸಿ ಬಂದು ನಿದ್ದೆ ಬರದೆ ಟಿವಿ ಹಾಕಿದೆ. ಗ್ಲೋರಿಯಾ ಗೇನರ್ ಬಗ್ಗೆ ಒಂದು ಸಾಕ್ಷ್ಯಚಿತ್ರ ಸಿಕ್ಕಿತು. 2023ರಲ್ಲಿ ಬಂದದ್ದು. 'ಐ ವಿಲ್ ಸರ್ವೈವ್' ಹಾಡಿದವರು, ಅವರೇ. ನಿನಗೂ ಗೊತ್ತು ಆ ಹಾಡು. ಚಿಕ್ಕಮ್ಮನ ಮದುವೆ ರಿಸೆಪ್ಶನ್‌ನಲ್ಲಿ ಬ್ಯಾಂಡಿನವರು ನುಡಿಸಿದ್ದರು. ಸೀರೆಯ ನೆರಿಗೆ ಅಲುಗುವಷ್ಟು ನೀನು ಕಾಲಲ್ಲಿ ತಾಳ ಹಾಕುತ್ತಿದ್ದೆ.

ಅವರು ಹುಟ್ಟಿದ್ದು ಇಲ್ಲೇ, ನ್ಯೂವರ್ಕ್‌ನಲ್ಲಿ, 1943ರಲ್ಲಿ. ನೀನೂ ಅಪ್ಪನೂ ಬಂದಾಗ ಇಳಿದಿರಲ್ವಾ, ಅದೇ ಊರು. ಬಡ ಮನೆ, ಮನೆ ತುಂಬ ಗಂಡುಮಕ್ಕಳು. ಅಣ್ಣತಮ್ಮಂದಿರು ಸೇರಿ ಗಾಸ್ಪೆಲ್ ಹಾಡುವ ಗುಂಪು ಕಟ್ಟಿಕೊಂಡಿದ್ದರು. ಗಾಸ್ಪೆಲ್ ಅಂದರೆ ಇಲ್ಲಿನ ಕಪ್ಪು ಜನರ ಚರ್ಚುಗಳ ಹಾಡು. ನಮ್ಮ ಬಾಸೆಲ್ ಮಿಷನ್ ಕಾಲದ ಜರ್ಮನ್ ರಾಗಗಳ ಹಾಗೆ ಅಲುಗಾಡದೆ ನಿಂತು ಹಾಡುವುದಲ್ಲ. ಒಬ್ಬರು ಕೂಗಿ ಹಾಡಿದರೆ ಉಳಿದವರು ಚಪ್ಪಾಳೆ ತಟ್ಟಿ ಉತ್ತರ ಕೊಡುತ್ತಾರೆ. ನೀನು ಇಲ್ಲಿಗೆ ಬಂದಾಗ ಒಂದು ಭಾನುವಾರ ಕೇಳಿ, ಕಣ್ಣೊರೆಸಿಕೊಂಡು ಹೊರಗೆ ಬಂದೆಯಲ್ಲ, ಆ ಹಾಡುಗಳು. ಆದರೆ ಅಣ್ಣತಮ್ಮಂದಿರ ಗುಂಪಿನಲ್ಲಿ ಗ್ಲೋರಿಯಾಗೆ ಜಾಗ ಇರಲಿಲ್ಲ. ಹುಡುಗಿ ಅಂತ ಸೇರಿಸಿಕೊಳ್ಳಲಿಲ್ಲ. ಗ್ಲೋರಿಯಾ ರೇಡಿಯೊ ಕೇಳಿ, ನ್ಯಾಟ್ ಕಿಂಗ್ ಕೋಲ್, ಸಾರಾ ವಾನ್ ಅವರ ಹಾಡು ಕೇಳಿ ತಾವೇ ಕಲಿತರು. ಆ ಗುಂಪಿನ ಬಗ್ಗೆ ನನಗೆ ಇನ್ನೂ ಜಾಸ್ತಿ ತಿಳಿಯಬೇಕಿತ್ತು. ಬಾಲ್ಯದಲ್ಲಿ ಆದ ಬೇರೆ ನೋವುಗಳನ್ನೂ ಅವರು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಅದನ್ನೆಲ್ಲ ಇಲ್ಲಿ ಬರೆಯಲು ಮನಸ್ಸು ಬರುತ್ತಿಲ್ಲ.

ಆಮೇಲೆ ವರ್ಷಗಟ್ಟಲೆ ಕ್ಲಬ್ಬುಗಳಲ್ಲಿ ಹಾಡಿದರು. 1975ರಲ್ಲಿ ಅವರ ಒಂದು ಆಲ್ಬಂ ಬಂತು. ಅದರ ಒಂದು ಬದಿಯಲ್ಲಿ ಮೂರು ಹಾಡು, ನಡುವೆ ಎಲ್ಲೂ ನಿಲ್ಲುವುದಿಲ್ಲ. ಕುಣಿಯುವವರು ಕುಣಿಯುತ್ತಲೇ ಇರಲಿ ಎಂದು ಹಾಗೆ ಜೋಡಿಸಿದ್ದರು. ಅಲ್ಲಿಂದ ಡಿಸ್ಕೊ ರಾಣಿ ಎಂಬ ಹೆಸರು.

ಈಗ ನನ್ನ ಕೆಲಸಕ್ಕೆ ಹತ್ತಿರದ ಭಾಗ ಹೇಳುತ್ತೇನೆ. 1978ರಲ್ಲಿ ನ್ಯೂಯಾರ್ಕಿನ ಬೀಕನ್ ಥಿಯೇಟರ್‌ನಲ್ಲಿ ಹಾಡುವಾಗ ವೇದಿಕೆಯ ಮೇಲೆ ಹಿಂದಕ್ಕೆ ಬಿದ್ದರು. ಮನೆಗೆ ಹೋಗಿ ಮಲಗಿದರು. ಬೆಳಿಗ್ಗೆ ಎದ್ದರೆ ಸೊಂಟದ ಕೆಳಗೆ ಸ್ವಾಧೀನವೇ ಇಲ್ಲ. ಬೆನ್ನುಮೂಳೆಗೆ ಆಪರೇಷನ್ ಆಯಿತು. ನಮ್ಮ ವಾರ್ಡಿನಲ್ಲಿ ಇಂಥವರನ್ನು ದಿನಾ ನೋಡುತ್ತೇನೆ ಅಮ್ಮ. ಪಕ್ಕಕ್ಕೆ ತಿರುಗಿಸಬೇಕಾದರೆ ಮರದ ದಿಮ್ಮಿ ಹೊರಳಿಸಿದ ಹಾಗೆ, ತಲೆ, ಸೊಂಟ, ಕಾಲು ಒಟ್ಟಿಗೆ ತಿರುಗಬೇಕು. ಅದಕ್ಕೆ ಎರಡು ಮೂರು ಜನ ಬೇಕು. ಆಮೇಲೆ ಎದೆಯಿಂದ ಸೊಂಟದವರೆಗೆ ಗಟ್ಟಿ ಬ್ರೇಸ್ ಕಟ್ಟುತ್ತೇವೆ. ಕೆಮ್ಮಿದರೂ ನೋವು. ಒಂದು ಲೋಟ ನೀರು ಎತ್ತಿಕೊಳ್ಳಲು ಕೈ ಚಾಚಿದರೂ ಕಣ್ಣಲ್ಲಿ ನೀರು.

ಅವರು 'ಐ ವಿಲ್ ಸರ್ವೈವ್' ಹಾಡಿದ್ದು ಅಂಥ ಬ್ರೇಸ್ ಕಟ್ಟಿಕೊಂಡು. ಉಸಿರನ್ನು ಹೊಟ್ಟೆಯಿಂದ ತೆಗಿ ಎಂದು ನಮಗೆ ಹೇಳಿಕೊಟ್ಟವಳು ನೀನು. ಹೊಟ್ಟೆಯನ್ನೇ ಬಿಗಿದು ಕಟ್ಟಿದ್ದರೆ ಉಸಿರು ಎಲ್ಲಿಂದ ತೆಗೆಯುವುದು ಹೇಳು! ಆ ಹಾಡನ್ನು ಎಷ್ಟೋ ಸಲ ಕೇಳಿದ್ದೇನೆ. ಈಗ ಮತ್ತೆ ಹಾಕಿದಾಗ, ಮೊದಲ ಸಾಲುಗಳಲ್ಲಿ ವಾದ್ಯ ಕಡಿಮೆ ಇದ್ದು ದನಿಯೊಂದೇ ನಿಲ್ಲುತ್ತದಲ್ಲ, ಅಲ್ಲಿ ನನಗೆ ಆ ಬ್ರೇಸೇ ಕಂಡಿತು.

ಹಾಡು ಬರೆದವರು ಫ್ರೆಡಿ ಪೆರೆನ್ ಮತ್ತು ಡಿನೊ ಫೆಕಾರಿಸ್. ಕೆಲಸ ಕಳೆದುಕೊಂಡಿದ್ದ ಫೆಕಾರಿಸ್ ಮನಸ್ಸಿನಲ್ಲಿ ಹುಟ್ಟಿದ ಹಾಡಂತೆ. ಕಂದು ಕಾಗದದ ಮೇಲೆ ಗೀಚಿ ಕೊಟ್ಟ ಸಾಲುಗಳನ್ನು ಓದಿದ ಕೂಡಲೇ ಗ್ಲೋರಿಯಾಗೆ ಇದು ನಿಲ್ಲುವ ಹಾಡು ಎಂದು ಗೊತ್ತಾಯಿತು. ತೀರಿಕೊಂಡ ತಮ್ಮ ತಾಯಿಯನ್ನೂ, ತಮ್ಮ ಬೆನ್ನನ್ನೂ ನೆನೆಯುತ್ತಾ ಹಾಡಿದರು. ಆದರೆ ರೆಕಾರ್ಡ್ ಕಂಪನಿಯವರು ಅದನ್ನು ಹಾಕಿದ್ದು ಪ್ಲೇಟಿನ ಹಿಂಬದಿಗೆ. ಅಜ್ಜನ ಗ್ರಾಮಫೋನ್ ಪ್ಲೇಟು ನೆನಪಿದೆಯಲ್ವಾ, ಮುಂದಿನ ಬದಿಗೆ ಒಳ್ಳೆಯ ಹಾಡು, ಹಿಂದಕ್ಕೆ ಏನೋ ಒಂದು. ಕ್ಲಬ್ಬುಗಳ ಡಿಜೆಗಳು ಪ್ಲೇಟು ಮಗುಚಿ ಹಾಕಿದರು. 1979ರ ಮಾರ್ಚಿನಲ್ಲಿ ಅದು ಅಮೆರಿಕದ ನಂಬರ್ ಒನ್ ಹಾಡು. ಅದೇ ಜುಲೈನಲ್ಲಿ ಶಿಕಾಗೊದ ಒಂದು ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ಬೇಡ ಎಂದು ರಾಶಿ ರಾಶಿ ರೆಕಾರ್ಡ್ ಸಿಡಿಸಿ ಸುಟ್ಟರು. 1980ರಲ್ಲಿ ಈ ಹಾಡಿಗೆ ಡಿಸ್ಕೊ ವಿಭಾಗದ ಗ್ರ್ಯಾಮಿ ಬಂತು. ಆ ಪ್ರಶಸ್ತಿ ಕೊಟ್ಟದ್ದು ಅದೊಂದೇ ವರ್ಷ, ಮುಂದೆ ಆ ವಿಭಾಗವೇ ಇಲ್ಲ.

ಇಷ್ಟರ ನಡುವೆ ಪಾರ್ಟಿ, ಕುಡಿತ, ಮಾದಕ ಪುಡಿ ಎಲ್ಲ ಬದುಕಿಗೆ ಬಂದಿತ್ತು. ಒಂದು ಪಾರ್ಟಿಯಲ್ಲಿ ಯಾರೋ ತನ್ನ ಕಾಲರ್ ಹಿಡಿದೆಳೆದು ಸಾಕು ಅಂದ ಹಾಗಾಯಿತು ಎಂದು ಹೇಳುತ್ತಾರೆ. ತಿರುಗಿ ನೋಡಿದರೆ ಯಾರೂ ಇಲ್ಲ. 1982ರಲ್ಲಿ ಬೈಬಲ್ ಹಿಡಿದರು, ಇವತ್ತಿನವರೆಗೂ ಬಿಟ್ಟಿಲ್ಲ. ನನಗೆ ಈ ಮಾತು ನಿಜ ಅನ್ನಿಸುತ್ತದೆ. ರಾತ್ರಿ ಮೂರು ಗಂಟೆಗೆ ವಾರ್ಡಿನಲ್ಲಿ ರೋಗಿಗಳು ಇಂಥದ್ದನ್ನೇ ನನಗೆ ಹೇಳಿದ್ದಾರೆ. ಕೈ ಹಿಡಿದು ಕೇಳಿಸಿಕೊಂಡಿದ್ದೇನೆ.

ಗಂಡನೇ ಮ್ಯಾನೇಜರ್ ಆಗಿದ್ದ. 2005ರಲ್ಲಿ ಆ ಮದುವೆಯೂ ಮುಗಿಯಿತು. ಅರವತ್ತು ದಾಟಿದ ಮೇಲೆ ಒಬ್ಬರೇ.

ಆಗ ಅವರು ಏನು ಕೇಳಿದರು ಗೊತ್ತಾ ಅಮ್ಮ? ಗಾಸ್ಪೆಲ್ ಆಲ್ಬಂ ಮಾಡಬೇಕು ಅಂತ. ಚಿಕ್ಕಂದಿನಲ್ಲಿ ಅಣ್ಣತಮ್ಮಂದಿರು ಸೇರಿಸಿಕೊಳ್ಳದ ಹಾಡು! ಎಪ್ಪತ್ತು ದಾಟಿದ ಡಿಸ್ಕೊ ಗಾಯಕಿ ದೇವರ ಹಾಡು ಹಾಡುತ್ತೇನೆ ಎಂದರೆ ಸುಲಭಕ್ಕೆ ಆಗುವ ಕೆಲಸವಲ್ಲ. ನಡುವೆ 2018ರಲ್ಲಿ ಬೆನ್ನಿಗೆ ಮತ್ತೊಂದು ದೊಡ್ಡ ಆಪರೇಷನ್. ನಲವತ್ತು ವರ್ಷದ ಹಿಂದಿನ ಆ ಬಿದ್ದ ಪೆಟ್ಟು ಇನ್ನೂ ಬಿಟ್ಟಿರಲಿಲ್ಲ. ಆ ವಯಸ್ಸಿನಲ್ಲಿ ಈ ಆಪರೇಷನ್ ಆದವರು ಹಾಸಿಗೆಯಿಂದ ಕುರ್ಚಿಗೆ ಬಂದು ಕೂತರೆ ನಾವು ಚಪ್ಪಾಳೆ ತಟ್ಟುತ್ತೇವೆ. ಇವರು ಎದ್ದು ನಿಂತು ಆಲ್ಬಂ ಮುಗಿಸಿದರು. 2019ರಲ್ಲಿ 'ಟೆಸ್ಟಿಮನಿ' ಎಂಬ ಹೆಸರಲ್ಲಿ ಬಂತು. ನಮ್ಮ ಚರ್ಚಿನ ಮಾತಲ್ಲಿ ಹೇಳುವುದಾದರೆ 'ಸಾಕ್ಷಿ'. ಗಾಸ್ಪೆಲ್ ಗಾಯಕಿ ಯೋಲಾಂಡಾ ಆಡಮ್ಸ್ ಒಂದು ಹಾಡಿನಲ್ಲಿ ಜೊತೆಗಿದ್ದಾರೆ. 2020ರ ಜನವರಿಯಲ್ಲಿ ಅದಕ್ಕೆ ಗ್ರ್ಯಾಮಿ ಬಂತು. ಮೊದಲನೆಯದು ಬಂದು ಸರಿಯಾಗಿ 40 ವರ್ಷ. ಅವರಿಗೆ ಆಗ 76.

ಆಲ್ಬಂ ಪೂರ್ತಿ ಕೇಳಿದೆ. ದನಿ 1978ರದ್ದಲ್ಲ. ಭಾರವಾಗಿದೆ, ಸ್ವಲ್ಪ ಒರಟಾಗಿದೆ. ಮೊದಲಿನ ಹಾಗೆ ಮೇಲಕ್ಕೆ ಹಾರುವುದಿಲ್ಲ, ಕೆಳಗಿನ ಸ್ವರಗಳಲ್ಲಿ ಕಾಲೂರಿ ನಿಲ್ಲುತ್ತದೆ. ನನಗೆ ಈ ದನಿಯೇ ಜಾಸ್ತಿ ಇಷ್ಟವಾಯಿತು. ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ಚಿಕ್ಕವಳು ಬಂದು, ಅಮ್ಮ ಯಾಕೆ ಅಳ್ತಿದ್ದೀಯ ಎಂದು ಕೇಳಿದಳು. ಅಜ್ಜಿಯ ಹಾಗೆ ಹಾಡ್ತಾರೆ ಇವರು ಅಂದೆ.

ಸುಮ್ನೆ ಹೇಳಿದ್ದಲ್ಲ ಅಮ್ಮ. ನಿನ್ನ ದನಿ ನಡುಗುತ್ತದೆ, ನನಗೂ ಕೇಳಿಸಿದೆ. ಅಜ್ಜಿ ತೀರಿಕೊಂಡ ದಿನ ನೀನು ಅವರ ತಲೆಯ ಹತ್ತಿರ ಕೂತು ಹಾಡಿದಾಗಲೂ ನಡುಗುತ್ತಿತ್ತು. ಮನೆಯಲ್ಲಿದ್ದ ಅಷ್ಟೂ ಜನ ಆ ದನಿ ಹಿಡಿದುಕೊಂಡೇ ಜೊತೆಗೆ ಹಾಡಿದರು.

ಮಂಡಿಯ ವಿಷಯ ನನಗೆ ಬಿಡು. ಕುರ್ಚಿಯಲ್ಲಿ ಕೂತು ಹಾಡಬಹುದು. ಬೆನ್ನು ನೇರ ಇರಲಿ, ಪಾದ ಎರಡೂ ನೆಲಕ್ಕೆ ತಾಗಲಿ, ಉಸಿರಿಗೆ ಏನೂ ತೊಂದರೆಯಿಲ್ಲ. ವಿಡಿಯೊದಲ್ಲಿ ತೋರಿಸಿದ ತೊಡೆಯ ವ್ಯಾಯಾಮ ದಿನಕ್ಕೆ ಎರಡು ಸಲ ಮಾಡು. ಬೆಳಿಗ್ಗೆ ಒಂದೇ ಸಲ ಮಾಡುತ್ತೀಯ ಎಂದು ಅಪ್ಪ ಹೇಳಿದ್ದಾರೆ. ಹಾಡುವ ಮೊದಲು ಬಿಸಿನೀರು ಕುಡಿ, ತಂಪು ಬೇಡ.

ಗುರುವಾರ ಸಂಜೆ ಆರಕ್ಕೆ ಪ್ರಾಕ್ಟೀಸ್ ಅಂತೆ. ಅಂಗಳದ ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಊಟದ ಮೇಜಿನ ಮರದ ಕುರ್ಚಿಯನ್ನು ರಿಕ್ಷಾದಲ್ಲಿ ಹಾಕಿಕೊಂಡು ಬರುತ್ತೇನೆ ಎಂದು ಅಪ್ಪ ಒಪ್ಪಿದ್ದಾರೆ. ನಿನ್ನ ಕನ್ನಡಕ ಮರೆಯಬೇಡ.

ನಿನ್ನ ಮಗಳು