ಮಾತ್ರೆ ನುಂಗಿಸುವುದನ್ನೂ ಹೇಳಿಕೊಡಿ

ಮಾನ್ಯ ಸಂಪಾದಕರೇ,

ಚಿಂತಾಮಣಿಯಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಮನುಷ್ಯರ ಔಷಧಿಯ ಅಂಗಡಿಯೇ. ಆದರೆ ಈಚೆಗೆ ನಾಯಿ, ಬೆಕ್ಕಿಗೆ ಔಷಧಿ ಕೇಳಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ಮೊದಲೆಲ್ಲ ನಾಯಿಗೆ ಕಾಯಿಲೆ ಬಂದರೆ ಎರಡು ದಿನ ನೋಡಿ ಸುಮ್ಮನಾಗುತ್ತಿದ್ದರು. ಈಗ ಕೂಲಿಗೆ ಹೋಗುವವರೂ ನಾಯಿಗೆ ಹುಷಾರಿಲ್ಲ ಅಂತ ದುಡ್ಡು ಹಿಡಿದುಕೊಂಡು ಬರುತ್ತಾರೆ. ನೋಡಿದರೆ ಖುಷಿಯಾಗುತ್ತದೆ. ಅವರು ಕೇಳುವ ಔಷಧಿಯ ಹೆಸರು ಕೇಳಿದಾಗ ಮಾತ್ರ ಎದೆ ಝಲ್ಲೆನ್ನುತ್ತದೆ.

"ಅಕ್ಕಾ, ಬೆಕ್ಕಿಗೆ ಮೈ ಸುಡ್ತಾ ಇದೆ, ಡೋಲೋದಲ್ಲಿ ಅರ್ಧ ಕೊಟ್ಟರೆ ಸಾಕಾ?" ಇದು ಕನ್ನಡದಲ್ಲೂ ಬರುತ್ತದೆ, ತೆಲುಗಿನಲ್ಲೂ ಬರುತ್ತದೆ. ದಯವಿಟ್ಟು ಎಲ್ಲರೂ ತಿಳಿದುಕೊಳ್ಳಿ. ಡೋಲೋದಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಲಿವರ್ ಆ ಮಾತ್ರೆಯನ್ನು ಕರಗಿಸಿ ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರ್‌ಗೆ ಆ ಶಕ್ತಿ ತೀರಾ ಕಡಿಮೆ. ಒಳಗೇ ಉಳಿದ ಔಷಧಿ ರಕ್ತವನ್ನು ಕೆಡಿಸುತ್ತದೆ. ಕೆಟ್ಟ ರಕ್ತಕ್ಕೆ ಆಕ್ಸಿಜನ್ ಹೊರಲು ಆಗುವುದಿಲ್ಲ. ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ, ಬೆಕ್ಕು ಏದುಸಿರು ಬಿಡುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆಗೆ ಬೆಕ್ಕಿನ ಜೀವ ಹೋಗಬಹುದು. ಮಕ್ಕಳ ಜ್ವರದ ಸಿರಪ್‌ನಲ್ಲಿ ಸಾಮಾನ್ಯವಾಗಿ ಇರುವುದೂ ಇದೇ. ಬೆಕ್ಕು ಅದನ್ನು ತಿಂದಿದೆ ಎಂದು ಗೊತ್ತಾದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ. ಇದಕ್ಕೆ ಪ್ರತಿಮದ್ದು ಇದೆ, ಆದರೆ ಬೇಗ ಕೊಟ್ಟರಷ್ಟೇ ಕೆಲಸ ಮಾಡುತ್ತದೆ.

ನಾಯಿ ಕುಂಟುತ್ತಿದೆ ಎಂದು ನಮ್ಮ ಮಂಡಿನೋವಿನ ಮಾತ್ರೆ ಹಾಕುವುದೂ ಹೀಗೇ. ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಹಾಳು ಮಾಡುತ್ತವೆ. ಒಂದು ಜೀವಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ. ಡೈಕ್ಲೋಫೆನಾಕ್ ಕೊಟ್ಟಿದ್ದ ದನಗಳು ಸತ್ತಾಗ ಅವನ್ನು ತಿಂದ ರಣಹದ್ದುಗಳು ಕಿಡ್ನಿ ಹೋಗಿ ಸತ್ತವು. ಅದಕ್ಕೇ 2006ರಲ್ಲಿ ನಮ್ಮ ದೇಶದಲ್ಲಿ ಆ ಔಷಧಿಯನ್ನು ಪ್ರಾಣಿಗಳಿಗೆ ಬಳಸುವುದನ್ನು ನಿಲ್ಲಿಸಿದರು. ಇನ್ನೊಂದು ಮಾತು. ನಾಯಿಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಮುಟ್ಟಿಸಲೇಬೇಡಿ.

ಇಷ್ಟು ಕೊಡಬಾರದ್ದರ ವಿಷಯ. ನಾನು ಮುಖ್ಯವಾಗಿ ಬರೆಯಬೇಕೆಂದಿರುವುದು ಕೊಡಲೇಬೇಕಾದ ಔಷಧಿಯ ವಿಷಯ.

ಉಣ್ಣಿಯಿಂದ ನಾಯಿಗೆ ಬರುವ ಟಿಕ್ ಫೀವರ್ ನಮ್ಮ ಕಡೆ ಹೊಸದಲ್ಲ. ಅದಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ಬರೆಯುತ್ತಾರೆ, ಮೂರ್ನಾಲ್ಕು ವಾರಕ್ಕೆ. ಜನ ಮೊದಲ ವಾರದ್ದು ತೆಗೆದುಕೊಂಡು ಹೋಗುತ್ತಾರೆ, ಆಮೇಲೆ ಬರುವುದಿಲ್ಲ. ದಾರಿಯಲ್ಲಿ ಸಿಕ್ಕಾಗ ಕೇಳಿದರೆ ಒಂದೇ ಉತ್ತರ: "ಬಾಯಿ ಬಿಡಲ್ಲ ಅಕ್ಕಾ, ಉಗಿಯುತ್ತೆ, ಕಚ್ಚೋಕೆ ಬರುತ್ತೆ. ಈಗ ಅನ್ನ ತಿಂತಾ ಇದೆಯಲ್ಲ, ಬಿಟ್ಟುಬಿಟ್ವಿ." ಅನ್ನ ತಿಂದ ಮಾತ್ರಕ್ಕೆ ರೋಗ ಹೋಗಿರುವುದಿಲ್ಲ. ತಿಂಗಳ ಮೇಲೆ ಮತ್ತೆ ಅದೇ ನಾಯಿ, ಅದೇ ಜ್ವರ, ಈ ಸಲ ಮೂಗಿನಲ್ಲಿ ರಕ್ತ. ಇವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಬರೆದು, ದಿನಕ್ಕೆ ಎರಡು ಎಂದು ಹೇಳಿ ಕಳಿಸುತ್ತಾರೆ. ಬಾಯಿಗೆ ಹೇಗೆ ಹಾಕಬೇಕು ಎಂದು ಯಾರೂ ತೋರಿಸಿರುವುದಿಲ್ಲ. ಒಬ್ಬ ಪಶುವೈದ್ಯರು ಎಷ್ಟೋ ಹಳ್ಳಿಗಳ ದನಗಳನ್ನು ನೋಡಬೇಕು, ಅವರಿಗೆ ಪುರುಸೊತ್ತಿಲ್ಲ. ಅದೂ ಗೊತ್ತು.

ನಮ್ಮ ಮನೆಯ ನಾಯಿ ಕರಿಯನಿಗೆ ಮಾತ್ರೆ ಹೋಗುವುದು ಮುದ್ದೆಯಲ್ಲಿ. ಮುದ್ದೆಯನ್ನು ನಾವೂ ಅಗಿಯುವುದಿಲ್ಲ, ನಾಯಿಯೂ ಅಗಿಯುವುದಿಲ್ಲ. ಅಡಿಕೆ ಗಾತ್ರದ ಮೂರು ಉಂಡೆ ಮಾಡಿಕೊಳ್ಳುತ್ತೇನೆ. ಮೊದಲನೆಯದು ಬರೀ ಮುದ್ದೆ. ಎರಡನೆಯದರಲ್ಲಿ ಮಾತ್ರೆ. ಅದು ಬಾಯಿಗೆ ಹೋಗುವಾಗಲೇ ಮೂರನೆಯದನ್ನು ಕಣ್ಣಿಗೆ ಕಾಣುವ ಹಾಗೆ ಹಿಡಿದಿರುತ್ತೇನೆ. ಅದರ ಆಸೆಗೆ ಎರಡನೆಯದನ್ನು ಗುಳುಂ ಮಾಡುತ್ತದೆ. ಆದರೆ ಡಾಕ್ಸಿಸೈಕ್ಲಿನ್‌ಗೆ ಮಾತ್ರ ಮುದ್ದೆ ಬೇಡ, ಹಾಲು ಮೊಸರೂ ಬೇಡ. ಕ್ಯಾಲ್ಸಿಯಂ ಆ ಔಷಧಿಯನ್ನು ಹಿಡಿದುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇರುತ್ತದೆ. ಅದಕ್ಕೆ ಬೇಯಿಸಿದ ಮೊಟ್ಟೆಯೋ ಕೋಳಿಯ ಚೂರೋ ಒಳ್ಳೆಯದು. ನಮ್ಮದು ದ್ರಾಕ್ಷಿ ಬೆಳೆಯುವ ಜಿಲ್ಲೆ, ಮಾತ್ರೆ ಸಿಕ್ಕಿಸಲು ದ್ರಾಕ್ಷಿ ಕೈಗೆ ಸಿಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿಗೆ ಕೆಟ್ಟದ್ದು, ಬೇಡವೇ ಬೇಡ.

ಏನೂ ತಿನ್ನದ ನಾಯಿಗೆ ಕೈಯಿಂದಲೇ ಹಾಕಬೇಕು. ಒಂದು ಕೈಯಿಂದ ಮೇಲಿನ ಮೂತಿಯನ್ನು ಕೋರೆಹಲ್ಲಿನ ಹಿಂದೆ ಹಿಡಿದು ಸ್ವಲ್ಪ ಎತ್ತಿ. ಇನ್ನೊಂದು ಕೈಯಿಂದ ಕೆಳದವಡೆ ಇಳಿಸಿ, ಮಾತ್ರೆಯನ್ನು ನಾಲಿಗೆಯ ಹಿಂಭಾಗದ ನಡುವೆ ಇಡಿ. ತುದಿಯಲ್ಲಿಟ್ಟರೆ ಉಗಿದೇ ಉಗಿಯುತ್ತದೆ. ಬಾಯಿ ಮುಚ್ಚಿ ಗಂಟಲು ಸವರಿ. ನಾಲಿಗೆಯಿಂದ ಮೂಗು ನೆಕ್ಕಿಕೊಂಡರೆ ನುಂಗಿತು ಎಂದು ಲೆಕ್ಕ. ಕಚ್ಚುವ ನಾಯಿಯಾದರೆ ಇದಕ್ಕೆ ಹೋಗಬೇಡಿ, ವೈದ್ಯರ ಹತ್ತಿರ ಇಂಜೆಕ್ಷನ್ ಕೇಳಿ.

ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿ, ಮುಖ ಮಾತ್ರ ಹೊರಗಿರಲಿ. ಬೆಕ್ಕಿಗೆ ಒಣ ಮಾತ್ರೆ ಹಾಕಿ ಹಾಗೇ ಬಿಡಬಾರದು. ಅದು ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡುತ್ತದೆ, ಡಾಕ್ಸಿಸೈಕ್ಲಿನ್ ಅಂತೂ ಅದರಲ್ಲಿ ಮುಂದು. ಹಿಂದೆಯೇ ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಐದಾರು ಮಿಲಿ ನೀರು ಕುಡಿಸಿ. ಮೆಟ್ರೊನಿಡಜೋಲ್‌ನಂಥ ಕಹಿ ಮಾತ್ರೆಯನ್ನು ಪುಡಿ ಮಾಡಿ ಹಾಕಿದರೆ ಬಾಯಿ ತುಂಬ ನೊರೆ ಬರುತ್ತದೆ. ವಿಷವಾಯಿತು ಎಂದು ಅಳುತ್ತಾ ಬಂದವರಿದ್ದಾರೆ. ಅದು ಬರೀ ಕಹಿಗೆ.

ನೀರು ಔಷಧಿಯನ್ನು ತಲೆ ಮೇಲೆತ್ತಿ ಗಂಟಲಿಗೆ ಸುರಿಯಬಾರದು. ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಬಿಡಬೇಕು. ನಮ್ಮತ್ತೆ ಹಸುವಿಗೆ ಗೊಟ್ಟ ಹಾಕುವಾಗ, ಅಂದರೆ ಬಿದಿರಿನ ಕೊಳವೆಯಲ್ಲಿ ಔಷಧಿ ಕುಡಿಸುವಾಗ, ನಾಲಿಗೆ ಎಳೆಯಲು ಬಿಡುತ್ತಿರಲಿಲ್ಲ, ಹಸು ಕೆಮ್ಮಿದರೆ ತಕ್ಷಣ ತಲೆ ಇಳಿಸುತ್ತಿದ್ದರು. ದನ ಸಾಕಿದ ಮನೆಗಳಲ್ಲಿ ಈ ತಿಳಿವಳಿಕೆ ಇನ್ನೂ ಇದೆ, ನಾಯಿ ಬೆಕ್ಕಿಗೂ ಅದನ್ನೇ ಬಳಸಬೇಕು ಅಷ್ಟೆ.

ಪಶುಪಾಲನಾ ಇಲಾಖೆಗೆ ನನ್ನ ಕೋರಿಕೆ ಇಷ್ಟೇ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುತ್ತಮುತ್ತ ಲಸಿಕೆ ಶಿಬಿರಗಳು ನಡೆಯುತ್ತವೆ. ಜನ ನಾಯಿ ಹಿಡಿದುಕೊಂಡು ಸಾಲಿನಲ್ಲಿ ನಿಂತಿರುತ್ತಾರೆ. ಅಲ್ಲೇ ಒಂದು ಸಾಧು ನಾಯಿಯ ಮೇಲೆ ಮಾತ್ರೆ ಹಾಕುವುದನ್ನು ತೋರಿಸಿದರೆ ಆಗುವುದಿಲ್ವಾ? ಏನು ಕೊಡಬಾರದು, ಯಾವುದರ ಜೊತೆ ಕೊಡಬಾರದು ಎಂದು ಕನ್ನಡದಲ್ಲಿ, ನಮ್ಮ ತಾಲ್ಲೂಕಿಗೆ ತೆಲುಗಿನಲ್ಲೂ, ಒಂದು ಹಾಳೆ ಅಚ್ಚು ಹಾಕಿಸಲಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸೆಯ ಗಾಡಿ ಬರುತ್ತದೆ ಎಂಬುದನ್ನೂ ಅದರಲ್ಲಿ ದಪ್ಪಕ್ಷರದಲ್ಲಿ ಹಾಕಲಿ. ವೈದ್ಯರು ಚೀಟಿಯಲ್ಲಿ ಪ್ರಾಣಿ ಯಾವುದು, ತೂಕ ಎಷ್ಟು ಎಂದು ಬರೆಯಲಿ. ಚಮಚ ಎನ್ನುವ ಬದಲು ಮಿಲಿ ಲೆಕ್ಕ ಬರೆಯಲಿ. ಔಷಧಿ ಅಂಗಡಿಯ ನನ್ನ ಜೊತೆಯವರು ಜ್ವರದ ಮಾತ್ರೆ ಕೊಡುವ ಮುಂಚೆ "ಯಾರಿಗೆ?" ಎಂದು ಒಂದು ಮಾತು ಕೇಳಲಿ. ಆ ಹಾಳೆ ಬಂದರೆ ನಮ್ಮ ಅಂಗಡಿಯ ಕೌಂಟರ್ ಮೇಲೆ ಇಡುತ್ತೇನೆ. ಓದಲು ಬಾರದವರಿಗೆ ಓದಿ ಹೇಳುವುದು ನನಗೆ ಬಿಡಲಿ.

ಇಂತಿ,
ಔಷಧಿ ಅಂಗಡಿಯ ಒಬ್ಬ ಗೃಹಿಣಿ, ಚಿಂತಾಮಣಿ