ಅಟ್ಟಕ್ಕೆ ಹಾಕಿದ ಬೈನಾಕ್ಯುಲರ್

ಚಿ. ಪ್ರಣವನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಯಲ್ಲಿ, ಸಹಿಗೆ ಮುಂಚೆ, ಇಷ್ಟು ಬರೆದಿದ್ದೀಯ: "ನಲವತ್ತಾಗೋ ಹೊತ್ತಿಗೆ ನಾನು ಕಲಿತದ್ದರಲ್ಲಿ ಒಂದೂ ಉಳಿದಿರಲ್ಲ ಚಿಕ್ಕಮ್ಮ. ಮೊದಲು ಈ ವೆಬ್ ಪುಟ ಕಟ್ಟೋ ಕೆಲಸ ಒಂದು ದಡ ಸೇರಲಿ ಅಂತ ಬೈನಾಕ್ಯುಲರ್, ಶೂ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ." ಅದನ್ನು ಓದಿದ ಮೇಲೆ ಉಳಿದ ಎರಡು ಪುಟ ಏನಿತ್ತು ಅಂತ ಮತ್ತೆ ತಿರುಗಿಸಿ ನೋಡಬೇಕಾಯಿತು.

ಮೊದಲು ಅಟ್ಟದ ವಿಷಯ. ಮಳೆಗಾಲ ಶುರುವಾಗಿದೆ, ಅದಕ್ಕೇ ಅವಸರ. ಬೈನಾಕ್ಯುಲರನ್ನು ಅದರ ಚೀಲದಲ್ಲೇ ಇಟ್ಟಿದ್ದರೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತೆ; ಬಟ್ಟೆ, ಚರ್ಮ ಎರಡೂ ತೇವ ಹೀರಿ ಇಟ್ಟುಕೊಳ್ಳುತ್ತವೆ. ದೊಡ್ಡ ಗಾಜಿನ ಕಡೆಯಿಂದ ಟಾರ್ಚ್ ಬಿಟ್ಟು, ಆ ಬದಿಯಿಂದಲೇ ಸ್ವಲ್ಪ ಓರೆಯಾಗಿ ಒಳಗೆ ನೋಡು. ಚುಕ್ಕೆ ಚುಕ್ಕೆಯಾಗಿ ಕಂಡರೆ ಧೂಳು, ಚಿಂತೆಯಿಲ್ಲ. ಜೇಡರಬಲೆಯ ಹಾಗೆ ಕವಲೊಡೆದ ಎಳೆ ಕಂಡರೆ ಬೂಷ್ಟು. ಆಗ ಸ್ಕ್ರೂಡ್ರೈವರ್ ತಗೊಂಡು ಕೂರಬೇಡ. ಒಳಗಿನ ಪ್ರಿಸಂ ಕೂದಲೆಳೆಯಷ್ಟು ಜರುಗಿದರೂ ಎರಡು ಕಣ್ಣಿನ ಚಿತ್ರ ಒಂದಾಗುವುದಿಲ್ಲ, ಹತ್ತು ನಿಮಿಷದಲ್ಲಿ ತಲೆನೋವು ಬರುತ್ತೆ. ರಿಪೇರಿಯವರಿಗೇ ಕೊಡು. ಎಳೆ ಇಲ್ಲದಿದ್ದರೆ ಗಾಳಿಯಾಡದ ಡಬ್ಬಿಯೊಂದರಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಜೊತೆ ಇಡು. ಕಿತ್ತಳೆ ಬಣ್ಣದ್ದು ಸಿಗುತ್ತೆ, ತೇವ ಕುಡಿದು ಹಸಿರಾದಾಗ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ಬರುತ್ತೆ. ಅಡುಗೆ ಬಾಣಲೆ ಮಾತ್ರ ಬೇಡ.

ಒಂದೂ ಉಳಿದಿರಲ್ಲ ಅಂದೆಯಲ್ಲ. ಅದರಲ್ಲಿ ಅರ್ಧ ನಿಜ, ಸುಳ್ಳು ಸಮಾಧಾನ ಹೇಳಲಾರೆ. ನಾನು ಇದೇ ಕೆಲಸಕ್ಕೆ ಬಂದಾಗ ನಾವು ಟೇಬಲ್ ಒಳಗೆ ಟೇಬಲ್ ಇಟ್ಟು, ನಡುವೆ ಒಂದು ಪಿಕ್ಸೆಲ್ಲಿನ ಪಾರದರ್ಶಕ ಚಿತ್ರ ತುರುಕಿ ಪುಟ ಕಟ್ಟುತ್ತಿದ್ದೆವು. ಹೋಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಅನ್ನುವ ಹಳೇ ಬ್ರೌಸರಿನಲ್ಲಿ ಎಡಕ್ಕೆ ಫ್ಲೋಟ್ ಮಾಡಿದ, ಅಂದರೆ ಎಡಕ್ಕೆ ಒತ್ತಿ ನಿಲ್ಲಿಸಿದ, ಪೆಟ್ಟಿಗೆಗೆ ಎಡಗಡೆ 10 ಪಿಕ್ಸೆಲ್ ಮಾರ್ಜಿನ್ ಕೊಟ್ಟರೆ ಅದು 20 ಮಾಡಿಕೊಂಡು ಕೂರುತ್ತಿತ್ತು. ಡಿಸ್‌ಪ್ಲೇ ಇನ್‌ಲೈನ್ ಅಂತ ಒಂದು ಸಾಲು ಸೇರಿಸಿದರೆ ಸರಿಹೋಗುತ್ತಿತ್ತು. ಈ ಒಂದು ಸಾಲು ಗೊತ್ತಿದ್ದವರಿಗೆ ಆಫೀಸಿನಲ್ಲಿ ಏನು ಮರ್ಯಾದೆ ಅಂತೀಯ! ಇವತ್ತು ಅದನ್ನು ಯಾರಿಗೆ ಹೇಳಲಿ? ಪುಟದಲ್ಲಿ ಚಿತ್ರಗಳನ್ನು ಕುಣಿಸುತ್ತಿದ್ದ ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ನಾನು ಅದಕ್ಕೆ ಕೊಟ್ಟ ಭಾನುವಾರಗಳನ್ನು ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ. ಆ ಭಾನುವಾರಗಳಲ್ಲಿ ನಾನೂ ನಿನ್ನ ಹಾಗೇ, ಇನ್ನೊಂದು ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ಕೆರೆ ಕಡೆ ಹೋಗೋಣ ಅಂದುಕೊಂಡೆ. ಈ ಕೆಲಸಕ್ಕೆ ದಡ ಅಂತ ಇಲ್ಲ ಕಣೋ.

ಆದರೆ ಉಳಿದ ಅರ್ಧ ಇದೆ. ಬಿಳಿ ಹಿನ್ನೆಲೆಯ ಮೇಲೆ #999999 ಬೂದು ಬಣ್ಣದ ಅಕ್ಷರ ಆಗಲೂ ವಯಸ್ಸಾದವರಿಗೆ ಕಾಣುತ್ತಿರಲಿಲ್ಲ, ಈಗಲೂ ಕಾಣುವುದಿಲ್ಲ. ಅದರ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅನುಪಾತ, 2.85, ಸಣ್ಣ ಅಕ್ಷರಕ್ಕೆ 4.5 ಬೇಕು. #767676ಕ್ಕೆ ಇಳಿಸಿದರೆ 4.54, ಅಂಚಿನಲ್ಲಿ ಪಾಸು. ಇದು ಬ್ರೌಸರಿನ ವಿಷಯವಲ್ಲ, ಕಣ್ಣಿನ ವಿಷಯ, ಅದಕ್ಕೇ ಹಳತಾಗಿಲ್ಲ.

ಕನ್ನಡದ ಪುಟಗಳನ್ನು ತಗೋ. ಇಂಗ್ಲಿಷಿಗೆ ಮಾಡಿದ ಟೆಂಪ್ಲೇಟಿನಲ್ಲಿ ಶೀರ್ಷಿಕೆಯ ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇರುತ್ತೆ. ಅಲ್ಲಿ 'ರಾಷ್ಟ್ರ' ಅಂತ ಹಾಕು. ಷ ಕೆಳಗಿನ ಟ ಒತ್ತು, ಅದರ ಪಕ್ಕದ ರ ಒತ್ತು ಮುಂದಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತವೆ. ಪೆಟ್ಟಿಗೆಗೆ ಓವರ್‌ಫ್ಲೋ ಹಿಡನ್, ಅಂದರೆ ಹೊರಚಾಚಿದ್ದನ್ನು ಮರೆಮಾಡು ಅಂತ, ಇದ್ದರಂತೂ ಒತ್ತು ಅರ್ಧಕ್ಕೇ ಕತ್ತರಿಸಿಹೋಗುತ್ತೆ. 1.6ಕ್ಕೆ ಏರಿಸಬೇಕು, ಫಾಂಟ್ ನೋಡಿಕೊಂಡು 1.7. ಇನ್ನೊಂದು: ಪುಟ ಬೇಗ ತೆರೆಯಲಿ ಅಂತ ಫಾಂಟ್ ಫೈಲನ್ನು ಸಣ್ಣದು ಮಾಡುವಾಗ ಅಕ್ಷರ ಕೂಡಿಸುವ ಜಿಎಸ್‌ಯುಬಿ ಪಟ್ಟಿ ಬಿಟ್ಟುಹೋದರೆ 'ಕ್ಷ' ಒಡೆದು ಅರ್ಧ ಕ, ಪಕ್ಕದಲ್ಲಿ ಷ ಅಂತ ನಿಲ್ಲುತ್ತೆ. ಮಾಡಿದವರಿಗೆ ಕನ್ನಡ ಓದಲು ಬರದಿದ್ದರೆ ಅದು ತಪ್ಪು ಅಂತಲೇ ತಿಳಿಯುವುದಿಲ್ಲ. ನಿನಗೆ ತಿಳಿಯುತ್ತೆ.

ಎಐ ಬಂತು ಅಂತ ಹೆದರಿದ್ದೀಯ, ಆ ಪದ ಬರೆದಿಲ್ಲ ಅಷ್ಟೆ. ಅದು ಕಟ್ಟಿಕೊಟ್ಟ ಒಂದು ಪುಟ ತೆಗೆದು, ಮೌಸ್ ಪಕ್ಕಕ್ಕಿಟ್ಟು, ಬರೀ ಟ್ಯಾಬ್ ಕೀ ಒತ್ತುತ್ತಾ ಹೋಗು. ಬಟನ್ ಅಂತ ಕಾಣುವುದು ನಿಜವಾಗಿ ಬಟನ್ ಟ್ಯಾಗ್ ಆಗಿರದೆ, ಬಣ್ಣ ಬಳಿದ ಬರೀ ಪೆಟ್ಟಿಗೆ, ಡಿವ್, ಆಗಿದ್ದರೆ ಟ್ಯಾಬ್ ಅಲ್ಲಿ ನಿಲ್ಲದೆ ದಾಟಿಹೋಗುತ್ತೆ. ಆಮೇಲೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿಕೊಂಡು ಕಣ್ಣು ಮುಚ್ಚಿ ಕೇಳು, ಪುಕ್ಕಟೆ ಸಿಗುತ್ತೆ. 2025ರ ಜೂನ್ 28ರಿಂದ ಯೂರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್ ಅಂಗಡಿ, ಬ್ಯಾಂಕಿನಂಥವು ಅಂಗವಿಕಲರಿಗೂ ಬಳಸಲು ಬರುವ ಹಾಗಿರಬೇಕು ಅಂತ ಕಾನೂನೇ ಜಾರಿಯಾಗಿದೆ. ಅಲ್ಲಿಯ ಗಿರಾಕಿಗಳ ಕೆಲಸ ಬೆಂಗಳೂರಿನಲ್ಲೂ ನಡೆಯುತ್ತಲ್ಲ. ವಿನ್ಯಾಸ ಬಿಡಿಸುವ ಫಿಗ್ಮಾದಿಂದ ಕತ್ತರಿಸಿ ಕೋಡ್ ಮಾಡುವುದಷ್ಟೇ ನಿನ್ನ ಕೈಯಲ್ಲಿದ್ದರೆ ಆ ಭಾಗ ಹೋಗಬಹುದು, ಅಲ್ಲಿಗೆ ನಿನ್ನ ಹೆದರಿಕೆ ಸರಿ. ಪರೀಕ್ಷೆ ಮಾಡಿ ಯಾಕೆ ಕೆಟ್ಟಿದೆ ಅಂತ ಹೇಳುವ ಕಡೆಗೆ ಒಂದೊಂದೇ ಹೆಜ್ಜೆ ಜರುಗು. ನೀನು ಇದನ್ನೆಲ್ಲ ಆಗಲೇ ಮಾಡುತ್ತಿದ್ದರೆ ನನ್ನನ್ನು ನೋಡಿ ನಗಬೇಡ.

ಪ್ರತಿ ಕೆಲಸ ಮುಗಿದ ಮೇಲೆ ಒಂದು ಪುಟ ಬರೆದಿಡು ಅಂತ ಹೇಳಬೇಕೆಂದಿದ್ದೆ. ಏನು ತೊಂದರೆ ಇತ್ತು, ಏನು ಬದಲಾಯಿಸಿದೆ, ಮುಂಚೆ ಎಷ್ಟು ಸೆಕೆಂಡು, ಆಮೇಲೆ ಎಷ್ಟು. ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಬಂತೇ? ಚಿತ್ರಗಳಿಗೆ ಅಗಲ, ಎತ್ತರ ನಮೂದಿಸದೆ ಓದುತ್ತಿದ್ದ ಸಾಲು ಕೆಳಕ್ಕೆ ಹಾರುತ್ತಿತ್ತೇ? ಸ್ಕ್ರೀನ್‌ಶಾಟ್ ಎರಡು ವರ್ಷಕ್ಕೆ ಹಳೇ ಫ್ಯಾಷನ್ ಆಗುತ್ತೆ, ಈ ಪುಟ ಆಗುವುದಿಲ್ಲ. ನಾನು ಬರೆದಿಡಲಿಲ್ಲ. ಇಷ್ಟು ವರ್ಷ ಮಾಡಿದ್ದರಲ್ಲಿ ತೋರಿಸಲು ಕೈಯಲ್ಲಿ ಹೆಚ್ಚೇನೂ ಇಲ್ಲ.

ಶೂ ಅಂದೆ, ಅದೂ ಅಟ್ಟದಲ್ಲಿ. ಟ್ರೆಕ್ಕಿಂಗ್ ಶೂ ಅಟ್ಟೆಯ ನಡುವಿನ ಮೆತ್ತನೆಯ ಪದರ ಪಾಲಿಯುರೆಥೇನ್ ಆಗಿದ್ದರೆ ಗಾಳಿಯ ತೇವಕ್ಕೇ ಒಳಗೊಳಗೆ ಮುರಿಯುತ್ತೆ. ಹಾಕದೆ ಇಟ್ಟರೆ ಉಳಿಯುತ್ತೆ ಅನ್ನುವುದು ತಪ್ಪು ಲೆಕ್ಕ. ಹೊರಗಿನಿಂದ ಹೊಸದರ ಹಾಗೇ ಇರುತ್ತೆ, ಬೆಟ್ಟದ ಅರ್ಧ ದಾರಿಯಲ್ಲಿ ಅಟ್ಟೆ ಬಾಯಿ ಬಿಡುತ್ತೆ. ಹೆಬ್ಬೆರಳಿನಿಂದ ಆ ಪದರ ಒತ್ತು, ಶೂ ಬಗ್ಗಿಸು. ಬಿರುಕು ಬಿಟ್ಟರೆ ಅಥವಾ ರವೆಯಂತೆ ಪುಡಿ ಉದುರಿದರೆ ಗಮ್ ಹಾಕಿ ಪ್ರಯೋಜನವಿಲ್ಲ. ಚೆನ್ನಾಗಿದ್ದರೂ ಮೊದಲು ಊರೊಳಗೆ ಹತ್ತು ಕಿಲೋಮೀಟರು ನಡೆ, ನೇರ ಕುಮಾರಪರ್ವತಕ್ಕೆ ಹೊರಡಬೇಡ.

ಬೆಟ್ಟಕ್ಕೆ ಎರಡು ದಿನ ಬೇಕು, ನಿನಗೆ ಎರಡು ದಿನ ಇಲ್ಲ ಅಂತೀಯ. ಸರಿ. ಹಕ್ಕಿಗೆ ಕಾಲು ಗಂಟೆ ಸಾಕು. ಫೆಬ್ರವರಿಯ ಹಕ್ಕಿ ಗಣತಿಯಲ್ಲೂ ಒಂದು ಪಟ್ಟಿಗೆ ಕನಿಷ್ಠ 15 ನಿಮಿಷ ಅಂತಲೇ ಇರುವುದು. ಸ್ಕ್ರೀನು ನೋಡಿ ಬಳಲಿದ ಕಣ್ಣಿಗೆ ಕಂಡದ್ದೆಲ್ಲ ಮಬ್ಬು ಅನ್ನಿಸಬಹುದು, ಎಷ್ಟೋ ಸಲ ತಪ್ಪು ಡಯಾಪ್ಟರಿನದು, ಎರಡು ಕಣ್ಣಿನ ವ್ಯತ್ಯಾಸ ಸರಿಹೊಂದಿಸುವ ಬಳೆಯದು. ಬಲಗಡೆ ಮುಚ್ಚಿ, ನಡುವಿನ ಚಕ್ರದಿಂದ ಎಡಗಣ್ಣಿಗೆ ಒಂದು ಕೊಂಬೆಯನ್ನು ಸ್ಪಷ್ಟ ಮಾಡಿಕೋ. ಆಮೇಲೆ ಎಡಗಡೆ ಮುಚ್ಚಿ, ಅದೇ ಕೊಂಬೆಯನ್ನು ಬಲಗಣ್ಣಿಗೆ ಬಲಗಡೆಯ ಬಳೆ ತಿರುಗಿಸಿ ಕೂಡಿಸು, ಚಕ್ರ ಮುಟ್ಟಬೇಡ. ಬಳೆ ನಿಂತ ಗುರುತು ನೆನಪಿಟ್ಟುಕೋ. ನಿನ್ನದು 8x42, ಅಂದರೆ 8 ಪಟ್ಟು ಹಿಗ್ಗಿಸುವ, 42 ಮಿಲಿಮೀಟರಿನ ಗಾಜಿನದು. ಅದನ್ನು ಕೊಟ್ಟು 10 ಪಟ್ಟಿನದು ತಗೊಳ್ಳುವ ಆಸೆ ಬೇಡ. 42ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಬಿಂಬ 5 ಮಿಲಿಮೀಟರಿಗೂ ಹೆಚ್ಚು, ಮುಂಜಾನೆಯ ಮಬ್ಬಿಗೆ ಅದು ಬೇಕು, ಕೈ ನಡುಕವೂ ಕಡಮೆ ಕಾಣುತ್ತೆ.

ಜನವರಿಯಲ್ಲಿ ಒಂದು ಶನಿವಾರ ಬಾ. ನಂಜನಗೂಡಿನ ಹತ್ತಿರ ಹದಿನಾರು ಅನ್ನುವ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿರುತ್ತವೆ, ಹಿಮಾಲಯ ದಾಟಿ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ದೂರದಿಂದಲೇ ಗೊತ್ತಾಗುತ್ತೆ. ಏಳು ಗಂಟೆಗೆ ಅಲ್ಲಿರಬೇಕು, ಬಿಸಿಲು ಬೆನ್ನಿಗೆ ಬರುವ ಹಾಗೆ ಪೂರ್ವದ ದಡದಲ್ಲಿ ನಿಲ್ಲೋಣ. ಲ್ಯಾಪ್‌ಟಾಪ್ ತಂದರೂ ತಾ, ನಾನು ಏನೂ ಅನ್ನುವುದಿಲ್ಲ.

ನಲವತ್ತರ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಅದರ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬಂದಿದ್ದರೆ ಹೇಳುತ್ತಿದ್ದೆ.

ಈ ಕಾಗದ ಕೈಸೇರಿದ ದಿನವೇ ಅಟ್ಟ ಹತ್ತು. ಟಾರ್ಚಿನಲ್ಲಿ ಏನು ಕಂಡಿತು, ಚುಕ್ಕೆಯೋ ಎಳೆಯೋ, ಫೋನ್ ಮಾಡಿ ಹೇಳು.

ಇಂತಿ,
ಚಿಕ್ಕಮ್ಮ