ಶ್ರೀಗಂಧ ‘ಆಲ್ಬಮ್’, ಹಿಪ್ಪುನೇರಳೆ ‘ಆಲ್ಬಾ’: ಬೋರ್ಡ್ ಸರಿ ಮಾಡಿ

ಮಾನ್ಯ ಸಂಪಾದಕರೇ,

ನಮ್ ಬಡಾವಣೆ ಪಾರ್ಕಲ್ಲಿ ಮರಗಳಿಗೆಲ್ಲ ಹೊಸದಾಗಿ ಲ್ಯಾಟಿನ್ ವೈಜ್ಞಾನಿಕ ಹೆಸರಿನ ಬೋರ್ಡ್ ಹಾಕಿದ್ದಾರೆ, ನೋಡಿ ನಿಜವಾಗ್ಲೂ ಖುಷಿಯಾಯ್ತು, ಆದ್ರೆ ಹತ್ರ ಹೋಗಿ ಓದಿದ್ರೆ ಶ್ರೀಗಂಧದ ಕೆಳಗೆ ಸ್ಯಾಂಟಲಮ್ ಆಲ್ಬಾ ಅಂತ, ಹಿಪ್ಪುನೇರಳೆ ಕೆಳಗೆ ಮೋರಸ್ ಆಲ್ಬಸ್ ಅಂತ ಇದೆ. ಎರಡೂ ತಪ್ಪು. ಬರೆಸಿದವರನ್ನ ಕೇಳಿದ್ರೆ “ಮೋರಸ್ ಅಂದ್ಮೇಲೆ ಆಲ್ಬಸ್ ತಾನೇ ಸರ್, ಪ್ರಾಸ ಕೂಡುತ್ತಲ್ಲ” ಅಂದ್ರು.

ಪ್ರಾಸ ಅಲ್ಲ ಸ್ವಾಮಿ, ಲಿಂಗ. ಕನ್ನಡದಲ್ಲಿ ಬಿಳಿ ಕುದುರೆ, ಬಿಳಿ ಸೀರೆ, ಬಿಳಿ ಹೂವಿನ ಅಂತ ಏನೇ ಹೇಳಿ, ‘ಬಿಳಿ’ ಜಪ್ಪಯ್ಯ ಅಂದ್ರೂ ಬದಲಾಗಲ್ಲ. ಲ್ಯಾಟಿನ್ ಈ ವಿಷಯದಲ್ಲಿ ಸಂಸ್ಕೃತದ ಥರ, ನಾಮಪದದ ಲಿಂಗ, ವಚನ, ವಿಭಕ್ತಿ ಮೂರಕ್ಕೂ ವಿಶೇಷಣ ಹೊಂದ್ಕೊಂಡು ಹೋಗ್ಬೇಕು. ಬಿಳಿ ಅನ್ನೋಕೆ ಪುಲ್ಲಿಂಗದಲ್ಲಿ ಆಲ್ಬಸ್, ಸ್ತ್ರೀಲಿಂಗದಲ್ಲಿ ಆಲ್ಬಾ, ನಪುಂಸಕದಲ್ಲಿ ಆಲ್ಬಮ್. ಸ್ಯಾಂಟಲಮ್ ನಪುಂಸಕ, ಹಾಗಾಗಿ ಆಲ್ಬಮ್. ಮೋರಸ್ ನೋಡೋಕೆ ಗಂಡು ಹೆಸರಿನ ಥರ ಇದೆ, ಆದ್ರೆ ರೋಮನ್ನರಿಗೆ ಮರಗಳು ಹೆಚ್ಚಾಗಿ ಸ್ತ್ರೀಲಿಂಗ, ಅದಕ್ಕೇ ಆಲ್ಬಾ. ಅರಳಿ ಮರ ಫೈಕಸ್ ರಿಲಿಜಿಯೋಸಾ ಆಗಿರೋದೂ ಇದೇ ಕಾರಣಕ್ಕೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಹೆಸರುಗಳನ್ನ ಪ್ರಕಟಿಸಿದಾಗ ಈ ನಿಯಮ ನೋಡ್ಕೊಂಡೇ ಇಟ್ಟಿದ್ದು.

ಅಡುಗೆಮನೇಲೂ ಇದೆ. ಭತ್ತ ಒರೈಜಾ ಸಟೈವಾ, ಬೆಳ್ಳುಳ್ಳಿ ಆಲಿಯಮ್ ಸಟೈವಮ್, ಎರಡೂ ಒಂದೇ ಪದ, ಬಿತ್ತಿ ಬೆಳೆಸೋದು ಅಂತ ಅರ್ಥ, ಬಾಲ ಮಾತ್ರ ಬೇರೆ.

ಪ್ರಾಸ ನಂಬ್ಕೊಂಡ್ರೆ ಎಷ್ಟು ಮೋಸ ಹೋಗ್ತೀವಿ ಅಂದ್ರೆ, ಬಿಳಿ ಹೂವು ಅನ್ನೋಕೆ ಆಲ್ಬಸ್ ಫ್ಲೋಸ್, ‘ಬಿಳಿ ಹೂವಿನ’ ಅನ್ನೋಕೆ ಆಲ್ಬಿ ಫ್ಲೋರಿಸ್. ಎರಡು ಪದಕ್ಕೂ ಷಷ್ಠಿ ವಿಭಕ್ತಿನೇ, ಆದ್ರೆ ಕೊನೆ ಅಕ್ಷರ ಒಂದಕ್ಕೊಂದು ಹೋಲೋದೇ ಇಲ್ಲ, ಯಾಕಂದ್ರೆ ಎರಡೂ ಬೇರೆ ಬೇರೆ ವಿಭಕ್ತಿ ಪ್ರತ್ಯಯ ತಗೊಳ್ಳೋ ಬೇರೆ ಬೇರೆ ಗುಂಪಿನ ಪದಗಳು.

ನನಗೆ ಜಾಸ್ತಿ ನೋವಾಗಿದ್ದು ಪಾರಿಜಾತದ್ದು. ಬೆಳಗ್ಗೆ ವಾಕಿಂಗ್ ಹೋದಾಗ ಬೋರ್ಡ್ ಮೇಲೆಲ್ಲ ಹೂ ಬಿದ್ದಿತ್ತು, ಸರಿಸಿ ನೋಡಿದ್ರೆ ಆರ್ಬರ್-ಟ್ರಿಸ್ಟಾ. ದುಃಖದ ಮರ ಅಂತ ಅರ್ಥ ಬರೋ ಎಂಥಾ ಚಂದದ ಹೆಸರು ಅದು. ಟ್ರಿಸ್ಟಿಸ್ ಆಗ್ಬೇಕಿತ್ತು. ಅದು ಪುಲ್ಲಿಂಗಕ್ಕೂ ಸ್ತ್ರೀಲಿಂಗಕ್ಕೂ ಒಂದೇ ರೂಪ, ನಪುಂಸಕಕ್ಕೆ ಮಾತ್ರ ಟ್ರಿಸ್ಟೆ, ಟ್ರಿಸ್ಟಾ ಅನ್ನೋದು ಇಲ್ವೇ ಇಲ್ಲ.

ಅವತ್ತೇ ಹೈಸ್ಕೂಲ್ ಮಕ್ಕಳು ಬಂದು ಇದನ್ನೇ ನೋಟ್‌ಬುಕ್ಕಿಗೆ ಇಳಿಸ್ಕೊಳ್ತಿದ್ರು. ಸಂಬಂಧಪಟ್ಟವರು ದಯವಿಟ್ಟು ಈ ಮೂರು ಬೋರ್ಡ್ ತಿದ್ದಿಸಿ, ಪೇಂಟರ್ ಸಿಗ್ಲಿಲ್ಲ ಅಂದ್ರೆ ಬ್ರಷ್ ಹಿಡ್ಕೊಂಡು ನಾನೇ ಬರ್ತೀನಿ.

– ನಿವೃತ್ತ ಬಾಟನಿ ಮೇಷ್ಟ್ರು, ಮೈಸೂರು